ಒಂದು ಕಮ್ಮಿ

ಲ್ಯಾಮಿಂಗ್ಟನ್ ರೋಡಿನ ಭಾನುಶಾಲಿ ನಾಲ್ಕು ಡಿಸ್ಕುಗಳನ್ನು
ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟ.
"ಜತನ, ಬೆನ್. ಬಿದ್ದರೆ ವಾರಂಟಿ ಇಲ್ಲ."
ಬೋರಿವಲಿ ಸ್ಲೋ, ಹೆಂಗಸರ ಡಬ್ಬಿ, ಮಡಿಲಲ್ಲಿ ಚೀಲ.
ಎದುರು ಕೂತು ಮೆಂತ್ಯ ಸೋಸುತ್ತಿದ್ದವಳು ಕೇಳಿದಳು:
ಮೊಟ್ಟೆಯಾ?
ಹೌದು ಅಂದೆ.
ಪಾಪ, ಕಾಲು ಮಡಚಿ ಜಾಗ ಬಿಟ್ಟಳು.

ಕಾಂದಿವಲಿಯ ಮನೆಯಲ್ಲಿ, ಚಪ್ಪಲಿ ಸ್ಟ್ಯಾಂಡಿನ ಮೇಲೆ,
ಎರಡೇ ಖಾನೆಯ ಹಳೇ ಪೆಟ್ಟಿಗೆ
ಮೂರು ವಾರದಿಂದ ಕೀಂ ಕೀಂ ಎನ್ನುತ್ತಿತ್ತು.
ಜಯಕರ ದಿನಾ ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ಒತ್ತಿ ಬರುತ್ತಿದ್ದ.
ಹೊಟ್ಟೆ ತುಂಬಿತ್ತು ಅದಕ್ಕೆ.
ಎಲ್ಲರ ಫೋನುಗಳೂ ರಾತ್ರಿ ತಮ್ಮ ಹೊರೆ ಇಳಿಸುವುದು ಅಲ್ಲೇ.
ನಾದಿನಿ ಲೋಲಾಕ್ಷಿಯ ನಿಶ್ಚಿತಾರ್ಥ, ಮಾವನ ಪುಟ್ಟ ಕ್ಯಾಸೆಟ್ಟುಗಳು,
ಯಾರದೋ ಕೈಚೀಲದೊಳಗೆ ತಾನಾಗಿ ಒತ್ತಿಹೋದ
ಹನ್ನೊಂದು ನಿಮಿಷದ ಕತ್ತಲು.
ಇದನ್ನಾದರೂ ಅಳಿಸಬಹುದಲ್ಲ, ಎಂದ ಮಗ.
ಆ ಕತ್ತಲಲ್ಲಿ ನಿನ್ನಜ್ಜಿ ಕೊತ್ತಂಬರಿಗೆ ಚೌಕಾಸಿ ಮಾಡ್ತಿದ್ದಾರೆ ಕಣೋ,
ಇನ್ನೂ ವ್ಯಾಪಾರ ಕುದುರಿಲ್ಲ.

ಇಪ್ಪತ್ತೊಂಬತ್ತು ವರ್ಷ ಸಹಕಾರಿ ಬ್ಯಾಂಕಿನ ಕೌಂಟರಿನಿಂದ
ತಾಳೆಯಾಗದೆ ಎದ್ದವಳಲ್ಲ ನಾನು.
ಒಂದು ರೂಪಾಯಿ ಕಮ್ಮಿಯಾದರೂ ಕಳವು,
ಹೆಚ್ಚಾದರೂ ಕಳವು, ಎನ್ನುತ್ತಿದ್ದರು ಮ್ಯಾನೇಜರ್ ಪೇಡ್ನೇಕರ್.
ಎರಡು ರಾತ್ರಿ, ಒಂದೂವರೆ ಹಗಲು ನಕಲು ನಡೆಯಿತು.
ನಿದ್ದೆಯಲ್ಲಿ ಹಲ್ಲು ಕಡಿಯುವ ಮಗುವಿನ ಹಾಗೆ
ಹೊಸ ಡಿಸ್ಕುಗಳ ಕಿರಕಿರ.
ಯಾರೂ ಮಿಕ್ಸಿ ಹಾಕಕೂಡದು ಎಂದೆ, ಸುಮ್ಮನೆ, ಕಾರಣವಿಲ್ಲದೆ.
ಮುಗಿದ ಮೇಲೆ ಎಣಿಸಿದೆ.
ಹಳೆಯದರಲ್ಲಿ ನಲವತ್ತೊಂದು ಸಾವಿರದ ಇನ್ನೂರ ಏಳು.
ಹೊಸದರಲ್ಲಿ ಇನ್ನೂರ ಆರು.

ಮಲಗು ಬಾ, ಎಂದ ಜಯಕರ.
ಹುಡುಕುತ್ತ ಹುಡುಕುತ್ತ ಒಂದು ದಿನಕ್ಕೆ ಬಂದು ನಿಂತೆ.
ತಾರೀಕು ಕಳಕೊಂಡ ಪಟಗಳನ್ನೆಲ್ಲ ಯಂತ್ರ
ಅದೊಂದೇ ದಿನಕ್ಕೆ ದಬ್ಬುತ್ತದಂತೆ:
ಸಾವಿರದ ಒಂಬೈನೂರ ಎಪ್ಪತ್ತು, ಜನವರಿ ಒಂದು,
ಗುರುವಾರ, ಮುಂಜಾನೆ ಐದೂವರೆ.

ನಾನಿನ್ನೂ ಹುಟ್ಟಿರದ ಆ ಮುಂಜಾನೆ
ನಾನು ಸೀಮಂತದ ಹಸಿರು ಬಳೆ ತೊಟ್ಟು ಕೂತಿದ್ದೇನೆ.
ಪಕ್ಕದಲ್ಲೇ ಮಗ, ಹಲ್ಲು ಬಿದ್ದ ಬಾಯಿ ಅಗಲಿಸಿ.
ಮಾವ ಪೇಪರು ಓದುತ್ತಿದ್ದಾರೆ;
ಹಾರ ಹಾಕಿದ ಮಾವನ ಫೋಟೋದ ಫೋಟೋ
ಅವರ ಹೆಗಲ ಬಳಿಯೇ ಇದೆ, ಅವರು ತಲೆಯೆತ್ತಿ ನೋಡುವುದಿಲ್ಲ.
ಜುಲೈಯ ನೆರೆ ಮೀಟರ್ ಬಾಕ್ಸಿನ ತನಕ ಏರಿದೆ,
ಮುಂದಿನ ಪಟದಲ್ಲೇ ಲೋಲಾಕ್ಷಿ
ಆಮೇಲೆ ಬಿಟ್ಟುಹೋದವನ ಕೈಹಿಡಿದು
ಸೀರೆಯಂಚು ಒಂದಿಷ್ಟೂ ನೆನೆಯದಂತೆ ನಡೆದು ಬರುತ್ತಿದ್ದಾಳೆ.
ಒಂದು ಬೆಳಗಿಗೆ ಎಷ್ಟೊಂದು ಜನ!
ಅಷ್ಟು ಮಂದಿಗೂ ಚಹಾ ಯಾರು ಮಾಡಿದರೋ.

ತಿದ್ದಬಹುದಿತ್ತು.
ಗೋಡೆಯ ಬಣ್ಣ ನೋಡಿ, ರವಿಕೆಯ ತೋಳಿನ ಉದ್ದ ನೋಡಿ
ಒಂದೊಂದಕ್ಕೂ ಇಸವಿ ಬರೆಯಬಹುದಿತ್ತು.
ಬ್ಯಾಂಕಿನ ಕೈ ಚಡಪಡಿಸಿತು.
ಬರೆಯಲಿಲ್ಲ.

ಹಾಲಿನವನು ಗಂಟೆ ಒತ್ತುವ ಹೊತ್ತಿಗೆ ಸಿಕ್ಕಿತು ಆ ಒಂದು:
ಪಟವಲ್ಲ, ದನಿಯಲ್ಲ,
ಹಳೇ ಪೆಟ್ಟಿಗೆ ತನ್ನ ಅನುಕೂಲಕ್ಕೆ ಬರೆದಿಟ್ಟುಕೊಂಡ ಚೀಟಿ,
ಬಿಡಿಸಿದರೆ ಯಾವ ಭಾಷೆಯೂ ಅಲ್ಲ.
ಇಷ್ಟಕ್ಕೇನಾ ಎಂದು ನಗು ಬಂತು.
ಆದರೂ ಅದನ್ನೂ ನಕಲು ಮಾಡಿದೆ.
ಇನ್ನೂರ ಏಳು.

ಮನೆಗೇ ಏನಾದರೂ ಆದರೆ ಎಂದು
ಹಳೇ ಡಿಸ್ಕೊಂದನ್ನು ಟವೆಲಿನಲ್ಲಿ ಸುತ್ತಿ ಬ್ಯಾಂಕಿಗೆ ಒಯ್ದೆ.
ಲಾಕರಿನಲ್ಲಿ, ಅತ್ತೆಯ ಕರಿಮಣಿಯ ಪಕ್ಕ.
ಇಬ್ಬರ ಕೀಲಿಯೂ ಬೇಕು ಆ ಬಾಗಿಲಿಗೆ.
ಹೊಸದಾಗಿ ಸೇರಿದ ಹುಡುಗಿ ಕ್ಷಿತಿಜಾ ಟವೆಲು ನೋಡಿ ಕೇಳಿದಳು,
ಬಂಗಾರವಾ ಮೇಡಂ?
ಮೊಟ್ಟೆ, ಅಂದೆ.
ಅವಳು ಕೀಲಿಯನ್ನು ತೀರಾ ಮೆಲ್ಲಗೆ ತಿರುಗಿಸಿದಳು.